ಚಾರ್ಜರನ್ನೂ ತನ್ನಿ

ಲ್ಯಾಪ್‌ಟಾಪ್ ರಿಪೇರಿಯ ಅಂಗಡಿಗೆ ಬಂದವರು ಯಂತ್ರವನ್ನು ಚೀಲದಿಂದ ಹೊರತೆಗೆಯುವುದಕ್ಕೆ ಮೊದಲೇ ಒಂದು ಹೇಳಿಕೆ ಕೊಟ್ಟುಬಿಡುತ್ತಾರೆ. ‘ಏನೂ ಮಾಡ್ಲಿಲ್ಲ ಸಾರ್, ರಾತ್ರಿ ಮಲಗೋವರೆಗೂ ಚೆನ್ನಾಗೇ ಇತ್ತು, ಬೆಳಿಗ್ಗೆ ನೋಡಿದ್ರೆ ಆನೇ ಆಗ್ತಿಲ್ಲ’ ಎಂಬ ಈ ಹೇಳಿಕೆ ಊರು, ವಯಸ್ಸು, ವಿದ್ಯೆಗಳ ಭೇದವಿಲ್ಲದೆ ಎಲ್ಲರ ಬಾಯಲ್ಲೂ ಹೆಚ್ಚುಕಡಿಮೆ ಇದೇ ರೂಪದಲ್ಲಿ ಬರುವುದರಿಂದ, ಅದನ್ನು ಯಾರೋ ಒಬ್ಬರ ಸುಳ್ಳೆಂದು ತಳ್ಳಿಹಾಕುವುದಕ್ಕಿಂತ ಯಂತ್ರದೊಡನೆ ಬಾಳುವ ಮನುಷ್ಯರ ಸಾಮಾನ್ಯ ಸ್ವಭಾವದ ದಾಖಲೆಯೆಂದು ಓದುವುದೇ ಸರಿ. ಕಾಫಿಯ ಲೋಟವನ್ನು ಕೀಲಿಮಣೆಗೆ ಒತ್ತಿ ಇಟ್ಟದ್ದು, ಅರ್ಧಕ್ಕೆ ನಿಂತ ಅಪ್‌ಡೇಟನ್ನು ಕಾಯಲಾರದೆ ಗುಂಡಿ ಒತ್ತಿ ಆರಿಸಿದ್ದು, ರಜಾಯಿಯ ನಡುವೆ ಯಂತ್ರವನ್ನು ರಾತ್ರಿಯಿಡೀ ಉರಿಯಬಿಟ್ಟದ್ದು, ಇವೆಲ್ಲವನ್ನೂ ಅವರು ದಿನಚರಿಯ ಖಾತೆಗೆ ಬರೆದುಕೊಂಡಿರುತ್ತಾರೆಯೇ ಹೊರತು ಅಪರಾಧದ ಖಾತೆಗಲ್ಲ.

ಅನುಭವಸ್ಥ ರಿಪೇರಿಯವರು ಈ ಹೇಳಿಕೆಯನ್ನು ಪ್ರಶ್ನಿಸುವ ಗೋಜಿಗೆ ಹೋಗದೆ, ‘ಚಾರ್ಜರ್ ತಂದಿದ್ದೀರಾ?’ ಎಂದಷ್ಟೇ ಕೇಳುತ್ತಾರೆ. ಬಂದವರು ಸಾಮಾನ್ಯವಾಗಿ ತಂದಿರುವುದಿಲ್ಲ. ಕೆಟ್ಟಿರುವುದು ಲ್ಯಾಪ್‌ಟಾಪ್ ಆಗಿರುವಾಗ ಚಾರ್ಜರನ್ನು ಹೊತ್ತು ತರುವುದೇಕೆ ಎಂಬುದು ಅವರ ತರ್ಕ. ಬೆಂಗಳೂರಿನ ಎಸ್.ಪಿ. ರಸ್ತೆಯ ಇಕ್ಕಟ್ಟಾದ ಮಳಿಗೆಗಳಲ್ಲಾಗಲಿ, ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರು ಜೆರಾಕ್ಸ್ ಯಂತ್ರದ ಜೊತೆಗೇ ನಡೆಯುವ ಕಂಪ್ಯೂಟರ್ ಅಂಗಡಿಗಳಲ್ಲಾಗಲಿ, ದಿನಕ್ಕೆ ಹಲವು ಬಾರಿ ಕೇಳಿಬರುವ ಈ ಪ್ರಶ್ನೆಯ ಹಿಂದೆ ಇಡೀ ಒಂದು ಶಾಸ್ತ್ರವಿದೆ. ಗೋಡೆಯ ಸಾಕೆಟ್ಟಿಗೆ ಬರುವ ಸುಮಾರು 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ಚಾರ್ಜರ್ ಎಂಬ ಕಪ್ಪು ಪೆಟ್ಟಿಗೆ 20 ವೋಲ್ಟಿನ ಆಸುಪಾಸಿನ ನೇರ ವಿದ್ಯುತ್ತಾಗಿ ಇಳಿಸುತ್ತದೆ. ಅದು ತಂತಿ ಮತ್ತು ಪಿನ್ನುಗಳನ್ನು ದಾಟಿ, ಯಂತ್ರದ ಬದಿಯ ತೂತಿನಿಂದ ಒಳಸೇರಿ, ಮದರ್‌ಬೋರ್ಡ್ ಎಂಬ ಮುಖ್ಯ ಫಲಕವನ್ನೂ ಬ್ಯಾಟರಿಯನ್ನೂ ತಲುಪುತ್ತದೆ. ಅಲ್ಲಿಂದ ಮುಂದೆ ಮೆಮೊರಿ, ಡಿಸ್ಕ್, ಪರದೆಗಳ ಸರದಿ. ಈ ಸಾಲಿನಲ್ಲಿ ಯಾವ ಕೊಂಡಿ ಕಳಚಿದರೂ ಮನೆಯವರ ಕಣ್ಣಿಗೆ ಕಾಣುವುದು ಅದೇ ಕಪ್ಪು ಪರದೆ. ಆದ್ದರಿಂದ ಬಲ್ಲವರು ಕೆಟ್ಟದ್ದನ್ನು ನೇರವಾಗಿ ಹುಡುಕಲು ಹೊರಡದೆ, ಕೆಡದಿರುವುದನ್ನು ಒಂದೊಂದಾಗಿ ಬದಿಗಿಡುತ್ತ ಬರುತ್ತಾರೆ. ಆರೋಪಿಗಳನ್ನೆಲ್ಲ ಬಿಡುಗಡೆ ಮಾಡುತ್ತ ಹೋಗಿ ಕೊನೆಗೆ ಉಳಿದವನನ್ನೇ ಅಪರಾಧಿಯೆನ್ನುವ ಈ ಕ್ರಮವನ್ನು ಯಾವ ನ್ಯಾಯಾಲಯವೂ ಒಪ್ಪಲಾರದು. ರಿಪೇರಿಯ ಮೇಜಿಗೆ ಮಾತ್ರ ಇದಕ್ಕಿಂತ ಒಳ್ಳೆಯ ಕ್ರಮ ಇನ್ನೂ ಸಿಕ್ಕಿಲ್ಲ.

ಬೇರೆ ಚಾರ್ಜರ್ ಸಿಕ್ಕಿಸಿದರೂ ಯಂತ್ರ ಅಲುಗದಿದ್ದರೆ ಮುಂದಿನ ಉಪಾಯ ನೋಡುವವರಿಗೆ ಮಂತ್ರವಾದವೆಂದೇ ತೋರುತ್ತದೆ. ಚಾರ್ಜರನ್ನು ಕಿತ್ತು, ಬ್ಯಾಟರಿ ಕಳಚಲು ಬರುವ ಹಳೆಯ ಮಾದರಿಯಾದರೆ ಅದನ್ನೂ ತೆಗೆದು, ಆನ್ ಮಾಡುವ ಗುಂಡಿಯನ್ನು ಸುಮಾರು 30 ಸೆಕೆಂಡು ಒತ್ತಿಹಿಡಿದು, ಬಳಿಕ ಎಲ್ಲವನ್ನೂ ಮೊದಲಿನಂತೆ ಜೋಡಿಸಿ ಗುಂಡಿ ಒತ್ತಿದರೆ, ಬೆಳಗಿನಿಂದ ಮಿಸುಕದಿದ್ದ ಯಂತ್ರ ಎದ್ದು ಕೂರುವುದುಂಟು. ಲ್ಯಾಪ್‌ಟಾಪ್ ಆರಿದ್ದಾಗಲೂ ಅದರೊಳಗೆ ಒಂದು ಪುಟ್ಟ ನಿಯಂತ್ರಕ ಎಚ್ಚರವಾಗಿದ್ದು, ಗುಂಡಿ, ಚಾರ್ಜರ್, ಮುಚ್ಚಳ, ಫ್ಯಾನುಗಳ ಮೇಲೆ ಕಣ್ಣಿಟ್ಟಿರುತ್ತದೆ. ಎಂದಾದರೊಮ್ಮೆ ಅದೇ ಗೊಂದಲಕ್ಕೊಳಗಾಗಿ ಸಿಕ್ಕಿಕೊಂಡರೆ ಯಾವ ಗುಂಡಿಯ ಮಾತೂ ಒಳಗೆ ತಲುಪುವುದಿಲ್ಲ. ವಿದ್ಯುತ್ತಿನ ಮೂಲಗಳನ್ನೆಲ್ಲ ಕಿತ್ತು, ಕೆಪಾಸಿಟರ್ ಎಂಬ ಬಿಡಿಭಾಗಗಳಲ್ಲಿ ಉಳಿದಿರುವ ಚೂರುಪಾರು ವಿದ್ಯುತ್ತನ್ನೂ ಗುಂಡಿ ಒತ್ತಿ ಬಸಿದಾಗ ಆ ನಿಯಂತ್ರಕ ತನ್ನ ಗೊಂದಲವನ್ನೇ ಮರೆತು ಹೊಸದಾಗಿ ಶುರುಮಾಡುತ್ತದೆ. ಯಂತ್ರ ಬದುಕಿದ್ದಕ್ಕೆ ಸಂತೋಷಪಡಬೇಕಾದವರ ಮುಖದಲ್ಲಿ ಆಗ ಸಣ್ಣದೊಂದು ನಿರಾಶೆ ಸುಳಿಯುತ್ತದೆ. ಮದರ್‌ಬೋರ್ಡೇ ಹೋಯಿತೆಂದರೆ ಅದಕ್ಕೊಂದು ಗಾಂಭೀರ್ಯವಿದೆ, ಬಂಧುಗಳಿಗೆ ಫೋನಿನಲ್ಲಿ ವಿವರಿಸಬಹುದು; ಅರ್ಧ ನಿಮಿಷ ಗುಂಡಿ ಒತ್ತಿದ್ದರಿಂದ ಸರಿಯಾಯಿತೆಂಬುದನ್ನು ಯಾರಿಗೆ ಹೇಳುವುದು?

ಯಂತ್ರಕ್ಕೆ ಕೈ ತಾಗಿಸಿ ಗುಣಪಡಿಸುವ ಪದ್ಧತಿ ಕನ್ನಡ ನಾಡಿನ ಮನೆಗಳಿಗೆ ಹೊಸದೇನಲ್ಲ. ಗೊರಗೊರ ಎನ್ನುವ ರೇಡಿಯೋದ ಬಲಪಕ್ಕೆಗೆ ಎಲ್ಲಿ, ಎಷ್ಟು ಜೋರಾಗಿ ತಟ್ಟಬೇಕೆಂಬುದು ಮನೆಯ ಹಿರಿಯರಿಗಷ್ಟೇ ಗೊತ್ತಿದ್ದ ವಿದ್ಯೆಯಾಗಿತ್ತು. 1980ರ ದಶಕದಲ್ಲಿ ದೂರದರ್ಶನ ಊರೂರಿಗೆ ಬಂದಾಗ ಒಬ್ಬರು ಹೆಂಚಿನ ಮೇಲೆ ಹತ್ತಿ ಆಂಟೆನಾದ ಕೊಳವೆಯನ್ನು ತಿರುಗಿಸುವುದು, ಇನ್ನೊಬ್ಬರು ಅಂಗಳದಲ್ಲಿ ನಿಂತು ಒಳಗಿನ ಸುದ್ದಿಯನ್ನು ಮೇಲಕ್ಕೆ ಮುಟ್ಟಿಸುವುದು, ಮತ್ತೊಬ್ಬರು ಪರದೆಯ ಮುಂದೆ ಕುಳಿತು ‘ಬಂತು, ಬಂತು, ಅಯ್ಯೋ ಹೋಯ್ತು, ಸ್ವಲ್ಪ ಹಿಂದಕ್ಕೆ’ ಎಂದು ಕೂಗುವುದು ಪ್ರತಿ ಭಾನುವಾರದ ವಿಧಿಯಾಗಿತ್ತು. ನಡುವೆ ನಿಂತವರು ‘ಹೋಯ್ತು’ ಎಂಬುದನ್ನು ಮುಟ್ಟಿಸುವಷ್ಟರಲ್ಲಿ ಒಳಗೆ ‘ಬಂತು’ ಆಗಿರುತ್ತಿದ್ದುದರಿಂದ ಕೊಳವೆ ಸರಿಯಾದ ಕೋನವನ್ನು ದಾಟಿ ಎಷ್ಟೋ ಮುಂದೆ ಹೋಗಿರುತ್ತಿತ್ತು. ಒಂದು ಬದಲಾವಣೆ ಮಾಡಿ, ಅದರ ಫಲವನ್ನು ನೋಡಿ, ಆಮೇಲೆ ಇನ್ನೊಂದಕ್ಕೆ ಕೈಹಾಕಬೇಕು ಎಂಬ ದೋಷಶೋಧನೆಯ ಮೂಲ ನಿಯಮವನ್ನು ಒಂದು ತಲೆಮಾರು ಹೆಂಚಿನ ಮೇಲೆ ನಿಂತೇ ಕಲಿಯಿತು. ಕಲಿಯಿತು ಎನ್ನುವುದಕ್ಕಿಂತ ಪದೇ ಪದೇ ಮೀರಿತು ಎನ್ನಬಹುದು.

ರೇಡಿಯೋಗೆ ತಟ್ಟಿದರೆ ಫಲ ಸಿಗುತ್ತಿದ್ದುದಕ್ಕೆ ಕಾರಣವಿತ್ತು: ಸಡಿಲವಾದ ವಾಲ್ವು ಅಥವಾ ಬಿರುಕುಬಿಟ್ಟ ಬೆಸುಗೆ ಆ ಅದುರಿಗೆ ತಾತ್ಕಾಲಿಕವಾಗಿ ಕೂಡಿಕೊಳ್ಳುತ್ತಿತ್ತು. ಆ ತಲೆಮಾರಿನ ಕೈ ಲ್ಯಾಪ್‌ಟಾಪಿನ ಮೇಲೂ ಅಭ್ಯಾಸಬಲದಿಂದ ಏಳುತ್ತದೆ, ಆದರೆ ಇಲ್ಲಿ ಆ ವಿದ್ಯೆ ಕೊಲೆಗೆ ಸಮ. ಹಳೆಯ ಲ್ಯಾಪ್‌ಟಾಪುಗಳ ಹಾರ್ಡ್ ಡಿಸ್ಕಿನೊಳಗೆ ನಿಮಿಷಕ್ಕೆ ಸಾಮಾನ್ಯವಾಗಿ 5400 ಸುತ್ತು ತಿರುಗುವ ತಟ್ಟೆಗಳಿದ್ದು, ಅವುಗಳ ಮೇಲಿನ ಬರಹವನ್ನು ಓದುವ ಮೊನೆ ತಟ್ಟೆಗೆ ತಾಗದೆ ಕೆಲವೇ ನ್ಯಾನೋಮೀಟರುಗಳ ಅಂತರದಲ್ಲಿ ತೇಲುತ್ತಿರುತ್ತದೆ. ಮನುಷ್ಯನ ಒಂದು ಕೂದಲಿನ ದಪ್ಪ ಅದಕ್ಕೆ ಹೋಲಿಸಿದರೆ ಹಲವು ಸಾವಿರ ಪಟ್ಟು. ತಟ್ಟಿದ ಪೆಟ್ಟಿಗೆ ಮೊನೆ ತಟ್ಟೆಯನ್ನು ಗೀರಿದರೆ ಮಗಳ ಮದುವೆಯ ಫೋಟೋಗಳೂ ಹತ್ತು ವರ್ಷದ ಲೆಕ್ಕಪತ್ರವೂ ಆ ಗೀರಿನೊಳಗೇ ಹೋಗುತ್ತವೆ. ಡಿಸ್ಕ್ ‘ಟಕ್ ಟಕ್’ ಎಂದು ತಾಳ ಹಾಕತೊಡಗಿದರೆ ಮತ್ತೆ ಮತ್ತೆ ಆನ್ ಮಾಡಿ ನೋಡಬಾರದು, ಇರುವುದನ್ನು ನಕಲು ಮಾಡಿಸಿಕೊಳ್ಳಬೇಕು ಎಂದು ಬಲ್ಲವರು ಹೇಳುವುದು ಇದಕ್ಕೇ. ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಸಂಗ್ರಹದಲ್ಲಿ ತಿರುಗುವ ಭಾಗಗಳಿಲ್ಲದ್ದರಿಂದ ಪೆಟ್ಟಿನ ಭಯ ಕಡಿಮೆಯಾಗಿದೆ. ಆದರೆ ಅದು ಸಾಯುವಾಗ ತಾಳ ಹಾಕಿ ತಿಳಿಸುವ ಸೌಜನ್ಯವನ್ನೂ ತೋರಿಸುವುದಿಲ್ಲ.

ಪೆಟ್ಟಿಗಿಂತ ನಿಧಾನವಾಗಿ, ಪ್ರೀತಿಯಿಂದಲೇ ಯಂತ್ರವನ್ನು ಕೊಲ್ಲುವ ಇನ್ನೊಂದು ದಾರಿ ಹಾಸಿಗೆ. ಲ್ಯಾಪ್‌ಟಾಪಿನ ತಳದ ಸೀಳುಗಳಿಂದ ಗಾಳಿ ಒಳಹೋಗಿ, ಪ್ರೊಸೆಸರ್ ಎಂಬ ಮುಖ್ಯ ಚಿಪ್ಪಿನ ಬಿಸಿಯನ್ನು ಹೊತ್ತು ಬದಿಯಿಂದ ಹೊರಬರಬೇಕು. ಮೆತ್ತನೆಯ ಹಾಸಿಗೆ ಆ ಸೀಳುಗಳನ್ನು ಮುಚ್ಚಿದೊಡನೆ ಫ್ಯಾನು ಜೋರಾಗಿ ಕೂಗತೊಡಗುತ್ತದೆ, ಚಿಪ್ಪಿನ ಬಿಸಿ 95ರಿಂದ 100 ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ ಬಂದಾಗ ಅದು ತನ್ನನ್ನು ಕಾಪಾಡಿಕೊಳ್ಳಲು ತಾನಾಗಿಯೇ ವೇಗ ತಗ್ಗಿಸುತ್ತದೆ, ಆಗಲೂ ಇಳಿಯದಿದ್ದರೆ ಯಂತ್ರವೇ ಆರಿಹೋಗುತ್ತದೆ. ಮನೆಯವರ ಭಾಷೆಯಲ್ಲಿ ಇದರ ಹೆಸರು ‘ವೈರಸ್ ಬಂದಿದೆ’. ರಿಪೇರಿಯವರು ತಳದ ಸ್ಕ್ರೂಗಳನ್ನು ಬಿಚ್ಚಿ ಫ್ಯಾನಿನ ಬಾಯಿ ತೆರೆದಾಗ, ಧೂಳು, ಕೂದಲು, ಬಟ್ಟೆಯ ನೂಲು ಸೇರಿ ಹದವಾಗಿ ಒತ್ತಿಕೊಂಡ ಒಂದು ಪದರ ಹೊರಬರುತ್ತದೆ. ಹೊಸೆದರೆ ಕಾರ್ತಿಕಮಾಸಕ್ಕೆ ಸಾಲುವಷ್ಟು ಬತ್ತಿಯಾದೀತು. ಚಿಪ್ಪಿಗೂ ಅದರ ಬಿಸಿಯನ್ನು ಒಯ್ಯುವ ಲೋಹಕ್ಕೂ ನಡುವೆ ಬಳಿದಿರುವ ಬೂದುಬಣ್ಣದ ಪೇಸ್ಟ್ ವರ್ಷಗಳು ಕಳೆದಂತೆ ಒಣಗಿರುವುದರಿಂದ, ಅದನ್ನು ಒರೆಸಿ ಹೊಸದಾಗಿ ಒಂದು ತೊಟ್ಟು ಹಚ್ಚುತ್ತಾರೆ. ಹೊರಬಂದ ಧೂಳನ್ನು ಮಾಲೀಕರಿಗೆ ತೋರಿಸಿದರೆ ಅವರು ನೆರೆಮನೆಯ ಕಟ್ಟಡದ ಕೆಲಸವನ್ನು ದೂರುತ್ತಾರೆ.

ತಂತ್ರಾಂಶದ ಕಾಯಿಲೆಗಳಿಗೆ, ಅಂದರೆ ಬಿಡಿಭಾಗಗಳೆಲ್ಲ ನೆಟ್ಟಗಿದ್ದೂ ಒಳಗಿನ ಆದೇಶಗಳು ತಪ್ಪುವುದರಿಂದ ಬರುವ ತೊಂದರೆಗಳಿಗೆ, ‘ಆಫ್ ಮಾಡಿ ಆನ್ ಮಾಡಿ’ ಎಂಬುದೇ ಲೋಕಪ್ರಸಿದ್ಧ ಮದ್ದು. ಐಬಿಎಂ ಕಂಪನಿಯ ಎಂಜಿನಿಯರ್ ಡೇವಿಡ್ ಬ್ರ್ಯಾಡ್ಲಿ, 1981ರಲ್ಲಿ ಹೊರಬಂದ ಆ ಕಂಪನಿಯ ಪಿಸಿಗಾಗಿ ಕಂಟ್ರೋಲ್, ಆಲ್ಟ್, ಡಿಲೀಟ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ ಯಂತ್ರವನ್ನು ಮರುಚಾಲನೆ ಮಾಡುವ ಏರ್ಪಾಡನ್ನು ಮಾಡಿದಾಗ, ಅವು ಕೈತಪ್ಪಿ ಒತ್ತಿಹೋಗದಷ್ಟು ದೂರದೂರವಿರಲಿ ಎಂದು ಯೋಚಿಸಿದ್ದರು. ಆದರೆ ಈಚಿನ ಕಾಲದಲ್ಲಿ ಆಫ್ ಮಾಡುವುದೂ ಮೊದಲಿನಷ್ಟು ಸರಳವಾಗಿಲ್ಲ. 2012ರ ವಿಂಡೋಸ್ 8ರಿಂದೀಚೆಗೆ ‘ಶಟ್‌ಡೌನ್’ ಒತ್ತಿದಾಗ ವ್ಯವಸ್ಥೆಯ ತಿರುಳಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು, ಮರುದಿನ ಬೇಗ ಏಳಲೆಂದು ಅದನ್ನೇ ಮತ್ತೆ ಎತ್ತಿಕೊಳ್ಳುವ ಪದ್ಧತಿ ಬಂದಿರುವುದರಿಂದ, ನಿನ್ನೆಯ ಗೊಂದಲ ಇವತ್ತಿಗೂ ಹಾಗೆಯೇ ಮುಂದುವರಿಯಬಹುದು. ಎಲ್ಲವನ್ನೂ ಮರೆತು ಹೊಸದಾಗಿ ಏಳುವುದು ‘ರೀಸ್ಟಾರ್ಟ್’ ಒತ್ತಿದಾಗ ಮಾತ್ರ. ಪ್ರತಿ ರಾತ್ರಿ ಶಿಸ್ತಿನಿಂದ ಶಟ್‌ಡೌನ್ ಮಾಡಿ ಮಲಗುವ ನಿವೃತ್ತ ಮೇಷ್ಟರಿಗೆ, ಅವರ ಯಂತ್ರ ತಿಂಗಳಿನಿಂದ ಪೂರ್ತಿ ನಿದ್ದೆ ಮಾಡಿಲ್ಲವೆಂದು ವಿವರಿಸುವ ಕಷ್ಟ ರಿಪೇರಿಯವರಿಗೇ ಗೊತ್ತು.

ಈ ಮದ್ದನ್ನು ಹಳ್ಳಿಮದ್ದೆಂದು ಹಗುರವಾಗಿ ಕಾಣುವವರು 2024ರ ಜುಲೈ 19ನ್ನು ನೆನೆಯಬಹುದು. ಅಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳಿಸಿದ ದೋಷಯುಕ್ತ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕುಳಿತವು, ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟದ್ದೂ ಆಯಿತು. ಪರಿಹಾರವೆಂದರೆ ಯಂತ್ರವನ್ನು ಸೇಫ್ ಮೋಡ್ ಎಂಬ, ಅತ್ಯಗತ್ಯ ಭಾಗಗಳಷ್ಟೇ ಎಚ್ಚರವಾಗುವ ಸ್ಥಿತಿಯಲ್ಲಿ ಎಬ್ಬಿಸಿ, ಒಂದು ಕಡತವನ್ನು ಅಳಿಸಿ, ಮತ್ತೆ ಆನ್ ಮಾಡುವುದು. ದೂರದಲ್ಲಿ ಕುಳಿತು ಎಲ್ಲವನ್ನೂ ಒಮ್ಮೆಗೇ ಸರಿಪಡಿಸುವುದು ಆಗದೆ, ಎಷ್ಟೋ ಕಡೆ ಮನುಷ್ಯರೇ ಒಂದೊಂದು ಯಂತ್ರದ ಮುಂದೆ ಹೋಗಿ ನಿಲ್ಲಬೇಕಾಯಿತು. ಕೆಲವು ಬಗೆಯ ಯಂತ್ರಗಳನ್ನು 15 ಸಲದವರೆಗೂ ರೀಸ್ಟಾರ್ಟ್ ಮಾಡಿ ನೋಡಿರೆಂದು ಮೈಕ್ರೋಸಾಫ್ಟ್ ಸಂಸ್ಥೆಯೇ ಸಲಹೆಯಿತ್ತಾಗ, ಸೋದರಳಿಯಂದಿರ ಕಾಲದಿಂದ ಬಂದ ಚಿಕಿತ್ಸೆಗೆ ಅಧಿಕೃತ ಮುದ್ರೆ ಬಿದ್ದಂತಾಯಿತು.

ಸೋದರಳಿಯನ ಪ್ರಸ್ತಾಪಕ್ಕೆ ವಿವರಣೆ ಬೇಕು. ಪ್ರತಿ ಬಂಧುವರ್ಗದಲ್ಲೂ ಕಂಪ್ಯೂಟರ್ ಬಲ್ಲವನೆಂದು ಹೆಸರಾದ ಒಬ್ಬ ಹುಡುಗನಿರುತ್ತಾನೆ. ಮದುವೆ, ಗೃಹಪ್ರವೇಶ, ಶ್ರಾದ್ಧ, ಯಾವುದಕ್ಕೆ ಬಂದರೂ ಎಲೆಯ ಮುಂದಿನಿಂದ ಎದ್ದೊಡನೆ ಅವನ ಕೈಗೆ ಆ ಮನೆಯ ಲ್ಯಾಪ್‌ಟಾಪ್ ಬರುತ್ತದೆ. ‘ಸ್ವಲ್ಪ ನೋಡಪ್ಪ, ಭಾಳ ಸ್ಲೋ ಆಗಿದೆ’ ಎಂಬ ಅತ್ತೆಯ ಮಾತಿಗೆ ಅವನು ಎರಡು ನಿಮಿಷ ಮೌನವಾಗಿ ನೋಡಿ, ‘ಫಾರ್ಮ್ಯಾಟ್ ಹೊಡೀಬೇಕು ಅತ್ತೆ’ ಎನ್ನುತ್ತಾನೆ. ಡಿಸ್ಕನ್ನು ಪೂರ್ತಿ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವ ಈ ಕ್ರಮದಿಂದ ಬಹುತೇಕ ತಂತ್ರಾಂಶದ ದೋಷಗಳು ಹೋಗುತ್ತವೆಂಬುದು ನಿಜ. ಅವುಗಳ ಜೊತೆಗೆ ಮಾವನ ಪಿಂಚಣಿಯ ಪತ್ರಗಳೂ ಹೋಗುತ್ತವೆಂಬುದು ಒಂದು ವಾರದ ಮೇಲೆ ತಿಳಿಯುತ್ತದೆ. ಆದರೂ ಮುಂದಿನ ಹಬ್ಬಕ್ಕೆ ಅವನೇ ಬೇಕು.

ತಪ್ಪು ಆರೋಪಿಯನ್ನು ಹಿಡಿಯುವುದಕ್ಕೆ ಒಂದು ಉತ್ತಮ ನಿದರ್ಶನ ಗಡಿಯಾರದ ಬ್ಯಾಟರಿ. ಅನೇಕ ಲ್ಯಾಪ್‌ಟಾಪುಗಳ ಫಲಕದಲ್ಲಿ 2032 ಎಂಬ ಸಂಖ್ಯೆಯ, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪದ ಬಿಲ್ಲೆಯೊಂದಿದ್ದು, ಯಂತ್ರ ಪೂರ್ತಿ ಆರಿದ್ದಾಗಲೂ ದಿನಾಂಕವನ್ನು ಎಣಿಸುತ್ತಿರುವ ಗಡಿಯಾರಕ್ಕೆ ಅದು 3 ವೋಲ್ಟ್ ಒದಗಿಸುತ್ತದೆ. ಕೆಲವು ವರ್ಷಗಳಲ್ಲಿ ಅದು ಬರಿದಾದರೆ ದಿನಾಂಕ ಎಷ್ಟೋ ಹಿಂದಕ್ಕೆ ಜಾರುತ್ತದೆ. ಜಾಲತಾಣಗಳು ತಮ್ಮ ಗುರುತಿಗೆ ತೋರಿಸುವ ಪ್ರಮಾಣಪತ್ರಕ್ಕೆ ಆರಂಭದ ಮತ್ತು ಮುಕ್ತಾಯದ ದಿನಾಂಕಗಳಿರುವುದರಿಂದ, ಹಿಂದಿನ ಕಾಲದಲ್ಲಿ ಬದುಕುತ್ತಿರುವ ಯಂತ್ರದ ಕಣ್ಣಿಗೆ ಬ್ಯಾಂಕಿನ ತಾಣವೂ ಮಿಂಚಂಚೆಯ ತಾಣವೂ ಇನ್ನೂ ಹುಟ್ಟದವರ ಪತ್ರ ಹಿಡಿದು ಬಂದ ವಂಚಕರಾಗಿಯೇ ಕಾಣುತ್ತವೆ. ಮನೆಯವರು ಇಂಟರ್ನೆಟ್ಟಿನವರಿಗೆ ಫೋನು ಮಾಡುತ್ತಾರೆ, ಅವರು ರೌಟರ್ ಆರಿಸಿ ಹಚ್ಚಲು ಹೇಳುತ್ತಾರೆ, ಮಗ ಪಾಸ್‌ವರ್ಡ್ ಬದಲಿಸಿದ್ದಾನೆಂಬ ಅನುಮಾನ ಊಟದ ಹೊತ್ತಿಗೆ ಜಗಳವಾಗುತ್ತದೆ. ಪರದೆಯ ಬಲಮೂಲೆಯಲ್ಲಿ ತಪ್ಪು ವರ್ಷ ಎಲ್ಲರಿಗೂ ಕಾಣುವಂತೆಯೇ ಇರುತ್ತದೆ. ಗಡಿಯಾರವನ್ನು ಅನುಮಾನಿಸುವ ಅಭ್ಯಾಸ ಮಾತ್ರ ಯಾರಿಗೂ ಇರುವುದಿಲ್ಲ.

ಲಲಿತ ಪ್ರಬಂಧಗಳನ್ನು ಬರೆಯುವ ವರ್ಗದ ಲ್ಯಾಪ್‌ಟಾಪುಗಳಿಗೆ ಬೇರೆಯೇ ವಿಶಿಷ್ಟ ರೋಗಗಳಿವೆ. ನುಡಿ ತಂತ್ರಾಂಶದಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಹೊರಳಲು ಸ್ಕ್ರೋಲ್ ಲಾಕ್ ಕೀಲಿಯನ್ನು ಒತ್ತಿ ರೂಢಿಯಾದವರು ಹೊಸ ಲ್ಯಾಪ್‌ಟಾಪ್ ಕೊಂಡು ತಂದಾಗ, ಅದರಲ್ಲಿ ಆ ಕೀಲಿಯೇ ಇಲ್ಲದಿರುವುದನ್ನು ಕಂಡು ಕನ್ನಡಕ್ಕೆ ಕಂಟಕ ಬಂದಿತೆಂದು ಸಭೆಗಳಲ್ಲಿ ಮಾತಾಡಿದ್ದುಂಟು. ಪರದೆಯ ಮೇಲೆಯೇ ಮೂಡಿಸಿಕೊಳ್ಳಬಹುದಾದ ಕೀಲಿಮಣೆಯಲ್ಲಿ ಅದು ಸುಖವಾಗಿಯೇ ಇರುತ್ತದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿವಿನ್ಯಾಸದಲ್ಲಿ ಶಿಫ್ಟ್ ಒತ್ತಿದಾಗ ಅಲ್ಪಪ್ರಾಣ ಮಹಾಪ್ರಾಣವಾಗುವುದರಿಂದ, ಕ್ಯಾಪ್ಸ್ ಲಾಕ್ ಬಿದ್ದದ್ದನ್ನು ಗಮನಿಸದೆ ಹೊಡೆದರೆ ‘ಬದನೆ’ ಹೋಗಿ ‘ಭಧಣೇ’ ಆಗಿಬಿಡಬಹುದು. ಚಿಕ್ಕ ಲ್ಯಾಪ್‌ಟಾಪುಗಳಲ್ಲಿ ನಮ್ ಲಾಕ್ ಬಿದ್ದರೆ ಜೆ, ಕೆ, ಎಲ್ ಕೀಲಿಗಳು 1, 2, 3 ಎಂಬ ಅಂಕಿಗಳನ್ನು ಉದುರಿಸುತ್ತ ಇಡೀ ವಾಕ್ಯವನ್ನು ಸಾಲದ ಲೆಕ್ಕವಾಗಿಸುತ್ತವೆ. ಎಲ್ಲಕ್ಕಿಂತ ದೊಡ್ಡ ಆಘಾತ ಹಳೆಯ ನುಡಿ ಕಡತವನ್ನು ಹೊಸ ಯಂತ್ರದಲ್ಲಿ ತೆರೆದಾಗಿನದು. ಆ ಕಾಲದ ಫಾಂಟುಗಳು ಕನ್ನಡದ ರೂಪಗಳನ್ನು ರೋಮನ್ ಅಕ್ಷರಗಳ ಜಾಗಗಳಲ್ಲಿ ಕೂರಿಸಿದ್ದರಿಂದ, ಫಾಂಟ್ ಇಲ್ಲದ ಯಂತ್ರದಲ್ಲಿ ಬಯಲಾಗುವುದು ನೆತ್ತಿಯ ಮೇಲೆ ಗೀಟು ಹೊತ್ತ ರೋಮನ್ ಅಕ್ಷರಗಳು. ಪ್ರತಿ ನಕಾರದ ಜಾಗದಲ್ಲಿ ಬ್ರಿಟನ್ನಿನ ಪೌಂಡ್ ಚಿಹ್ನೆ. ಇಪ್ಪತ್ತು ವರ್ಷ ಗೌರವಧನವನ್ನೇ ಕಾಣದ ಲೇಖಕರೂ ತಮ್ಮ ಬರಹದಲ್ಲಿ ಅಷ್ಟು ಪೌಂಡುಗಳನ್ನು ಒಟ್ಟಿಗೆ ನೋಡುವುದು ಅಂದೇ. ಬರಹ ಎಲ್ಲಿಗೂ ಹೋಗಿರುವುದಿಲ್ಲ. ಹಳೆಯ ಫಾಂಟನ್ನು ಹಾಕಿಕೊಂಡರೆ, ಇಲ್ಲವೇ ಯುನಿಕೋಡಿಗೆ ಪರಿವರ್ತಿಸಿದರೆ ಹಾಗೆಯೇ ಮರಳುತ್ತದೆ. ಮರಳಿದ್ದನ್ನು ಓದಿದ ಮೇಲೆ ಪೌಂಡುಗಳೇ ವಾಸಿಯಾಗಿತ್ತು ಎನ್ನಿಸಿದರೆ ಅದಕ್ಕೆ ರಿಪೇರಿಯವರು ಹೊಣೆಯಲ್ಲ.

ರಿಪೇರಿಯವರ ಹತಾರಗಳು ನೋಡಲು ಬಲು ಅಗ್ಗದವು. ಆನ್ ಮಾಡಿದೊಡನೆ ಯಂತ್ರ ತನ್ನ ಅಂಗಗಳನ್ನು ತಾನೇ ಪರೀಕ್ಷಿಸಿಕೊಂಡು, ಮೆಮೊರಿ ಸಿಗದಿದ್ದರೆ ಬೀಪ್ ಎಂದು ಕೂಗಿಯೋ ದೀಪ ಮಿಟುಕಿಸಿಯೋ ಹೇಳುತ್ತದೆ; ಆಗ ಮೆಮೊರಿಯ ಪಟ್ಟಿಯನ್ನು ಹೊರಗೆಳೆದು, ಅದರ ಚಿನ್ನದ ಲೇಪದ ಅಂಚನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಹಗುರವಾಗಿ ಉಜ್ಜಿ ಮತ್ತೆ ಕೂರಿಸಿದರೆ ಎಷ್ಟೋ ಸಲ ಸಾಕು. ಇದೇ ಸ್ವಪರೀಕ್ಷೆಯ ಹಳೆಯ ಸಂದೇಶವೊಂದು, ಕೀಲಿಮಣೆ ಸಿಗುತ್ತಿಲ್ಲ, ಮುಂದುವರಿಯಲು ಎಫ್1 ಕೀಲಿ ಒತ್ತಿ ಎಂದು ಕೇಳಿಕೊಳ್ಳುತ್ತಿದ್ದುದು ಯಂತ್ರಗಳಿಗೂ ಹಾಸ್ಯಪ್ರಜ್ಞೆಯಿದೆಯೆಂಬ ನಂಬಿಕೆಗೆ ಆಧಾರವಾಗಿದೆ. ಪರದೆ ಕಪ್ಪಾಗಿದ್ದಾಗ ಟಾರ್ಚನ್ನು ಓರೆಯಾಗಿ ಹಿಡಿದು ನೋಡುತ್ತಾರೆ. ಚಿತ್ರ ಮಸುಕಾಗಿ ಕಂಡರೆ ಪರದೆ ಬದುಕಿದೆ, ಅದರ ಹಿಂದಿನ ಬೆಳಕು ಮಾತ್ರ ಆರಿದೆ ಎಂದರ್ಥ. ಕಾಫಿ ಚೆಲ್ಲಿದ ಯಂತ್ರವನ್ನು ಅಕ್ಕಿಯ ಡಬ್ಬದಲ್ಲಿ ಹುಗಿದು ತಂದವರಿಗೆ, ನೀರು ಆರಿದರೂ ಹಾಲು ಮತ್ತು ಸಕ್ಕರೆ ಫಲಕದ ಮೇಲೆಯೇ ಉಳಿದು ತಾಮ್ರದ ಗೆರೆಗಳನ್ನು ತಿನ್ನುತ್ತವೆ, ಚೆಲ್ಲಿದ ಕ್ಷಣ ಆರಿಸಿ, ಕವುಚಿಟ್ಟು, ಒಳಗನ್ನು ತೊಳೆಸಬೇಕಿತ್ತು ಎಂದು ತಾಳ್ಮೆಯಿಂದ ಹೇಳುತ್ತಾರೆ. ಅವರು ತಮಾಷೆ ಮಾಡದ ಒಂದೇ ವಿಷಯ ಉಬ್ಬಿದ ಬ್ಯಾಟರಿ. 1991ರಲ್ಲಿ ಮಾರುಕಟ್ಟೆಗೆ ಬಂದು, 2019ರಲ್ಲಿ ತನ್ನ ಮೂವರು ರೂವಾರಿಗಳಿಗೆ ನೊಬೆಲ್ ತಂದ ಲಿಥಿಯಂ ಅಯಾನ್ ಬ್ಯಾಟರಿ ಹಳತಾದಾಗ ಒಳಗೆ ಅನಿಲ ತುಂಬಿ ಉಬ್ಬುತ್ತದೆ, ಟಚ್‌ಪ್ಯಾಡನ್ನು ಮೇಲಕ್ಕೆ ಎಬ್ಬಿಸುತ್ತದೆ. ಅದನ್ನು ಒತ್ತಿ ಕೂರಿಸಲು ಹೋಗುವುದು ಬೆಂಕಿಯೊಡನೆ ಸರಸ.

ಇಷ್ಟೆಲ್ಲ ಬಿಡುಗಡೆಗಳ ನಂತರವೂ ಒಂದು ಜಾತಿಯ ದೋಷ ಉಳಿಯುತ್ತದೆ: ಮನೆಯಲ್ಲಿ ಇರುವುದು, ಅಂಗಡಿಯಲ್ಲಿ ಇಲ್ಲದಿರುವುದು. ಬಸ್ಸಿನಲ್ಲಿ ಬರುವಷ್ಟರಲ್ಲಿ ಯಂತ್ರ ತಣ್ಣಗಾಗಿರಬಹುದು. ಹಳೆಯ ಮನೆಯ ಸಾಕೆಟ್ಟಿನಲ್ಲಿ ಅರ್ಥಿಂಗ್ ಇಲ್ಲದೆ ಟಚ್‌ಪ್ಯಾಡಿನ ಬಾಣ ಕುಣಿಯುತ್ತಿದ್ದು, ಅಂಗಡಿಯ ಸಾಕೆಟ್ಟಿನಲ್ಲಿ ಅರ್ಥಿಂಗ್ ಇರಬಹುದು. ಆದ್ದರಿಂದಲೇ ನುರಿತವರು ಚಾರ್ಜರನ್ನೂ ತನ್ನಿ, ಮೌಸನ್ನೂ ತನ್ನಿ ಎಂದು ಪಟ್ಟಿ ಬೆಳೆಸುತ್ತ ಹೋಗಿ, ಕೊನೆಗೆ ಬಳಸುವವರನ್ನೇ ಕುರ್ಚಿಯಲ್ಲಿ ಕೂರಿಸಿ, ಮನೆಯಲ್ಲಿ ಮಾಡುವ ಹಾಗೆಯೇ ಕೆಲಸ ಮಾಡಿ ಎನ್ನುತ್ತಾರೆ. ಕೂತವರು ಎಡಗೈಯನ್ನು ಕೀಲಿಮಣೆಯ ಅಂಚಿಗೆ ಊರಿದೊಡನೆ ಪರದೆ ಕಪ್ಪಾಗುತ್ತದೆ, ಕೈ ಎತ್ತಿ ಗುಂಡಿ ಒತ್ತಿದರೆ ಮತ್ತೆ ಬೆಳಗುತ್ತದೆ. ಮುಚ್ಚಳ ಹಾಕಿದ್ದನ್ನು ಲ್ಯಾಪ್‌ಟಾಪ್ ಅರಿಯುವುದು ಮುಚ್ಚಳದ ಅಯಸ್ಕಾಂತವನ್ನು ತಳದ ಸಂವೇದಕವೊಂದು ಗುರುತಿಸುವುದರಿಂದ. ಕೀಲುನೋವಿಗೆಂದು ಜಾತ್ರೆಯಲ್ಲಿ ಕೊಂಡ ಅಯಸ್ಕಾಂತದ ಕಡಗವನ್ನು ಎಡಗೈಗೆ ತೊಟ್ಟವರು ಕೈ ಊರಿದಾಗಲೆಲ್ಲ ಯಂತ್ರ ತನ್ನ ಮುಚ್ಚಳ ಬಿತ್ತೆಂದು ತಿಳಿದು ನಿದ್ದೆ ಹೋಗುತ್ತಿರುತ್ತದೆ. ಕಡಗವನ್ನು ಬಿಚ್ಚಲು ಒಪ್ಪದವರಿಗೆ ಅದನ್ನು ಬಲಗೈಗೆ ತೊಟ್ಟು ನೋಡಿ ಎಂಬ ಸಲಹೆ ಸಿಗುತ್ತದೆ. ಆ ಸಲಹೆಗೆ ಎಷ್ಟು ಕೊಡಬೇಕು ಎಂದು ಕೇಳುವವರಿಗೆ ಏನು ಹೇಳಬೇಕೆಂಬುದು ಮಾತ್ರ ಯಾವ ಅಂಗಡಿಯ ದರಪಟ್ಟಿಯಲ್ಲೂ ಇಲ್ಲ.